ಸೀರೆಗೆ ಒಂದು ಹನಿ ರಕ್ತ ಇಲ್ಲ ಅಂತ ಕೂತುಬಿಡಬೇಡಿ: ಬಸುರಿಯ ಹೊಟ್ಟೆಯೊಳಗಿನ ರಕ್ತಸ್ರಾವ ಗುರುತಿಸುವುದು ಹೇಗೆ

ನಮ್ಮ ಕಡೆ ಬಸುರಿ ಹೊಟ್ಟೆ ನೋವು ಅಂದ ಕೂಡಲೇ ಮನೆಯವರು ಕೇಳುವ ಮೊದಲ ಮಾತು, "ಬ್ಲೀಡಿಂಗ್ ಆಗಾಕತ್ತೈತೇನು?" ಇಲ್ಲ ಅಂದರೆ ಎಲ್ಲರಿಗೂ ಸಮಾಧಾನ. ಒಬ್ಬರು ಸೋಡಾ ತರುತ್ತಾರೆ. ಇನ್ನೊಬ್ಬರು ಜೀರಿಗೆ ಕಷಾಯ ಇಡುತ್ತಾರೆ. ಬಟ್ಟಿ ಬಿದ್ದಿರಬೇಕು ಅಂತ ಹೊಟ್ಟೆ ತಿಕ್ಕುವ ಅಜ್ಜಿಯನ್ನೂ ಕರೆಸುತ್ತಾರೆ.

ನಾನು ಈ ಭಾಗದ ಹೆರಿಗೆ ವಾರ್ಡುಗಳಲ್ಲಿ 22 ವರ್ಷ ನರ್ಸ್ ಆಗಿ ದುಡಿದವಳು. ಆ ಸಮಾಧಾನ ಎಷ್ಟು ದುಬಾರಿ ಬೀಳುತ್ತದೆ ಅಂತ ಕಣ್ಣಾರೆ ಕಂಡಿದ್ದೇನೆ. ಹೊಟ್ಟೆಯೊಳಗೆ ಜಾಗ ಬಹಳ ಇದೆ. ಎರಡು ಲೀಟರ್ ರಕ್ತ ಅಲ್ಲೇ ಸೋರಿ ನಿಂತರೂ ಹೊರಗೆ ಒಂದು ಹನಿ ಕಾಣದೇ ಇರಬಹುದು.

ನನ್ನ ಕೆಲಸದ ಮೊದಲ ವರ್ಷಗಳ ಮಾತು. ರಾತ್ರಿ ಹನ್ನೊಂದರ ಹೊತ್ತಿಗೆ ಕುಂದಗೋಳ ಕಡೆಯಿಂದ ಟಂಟಂನಲ್ಲಿ ಒಬ್ಬಳನ್ನು ಕರೆತಂದರು. ಇಬ್ಬರು ಮಕ್ಕಳ ತಾಯಿ. ಬೆಳಿಗ್ಗೆಯಿಂದ ಕಿಬ್ಬೊಟ್ಟೆ ನೋವು, ಸಂಜೆ ಸಂಡಾಸಕ್ಕೆ ಹೋದವಳು ಅಲ್ಲೇ ಕಣ್ಣು ಕತ್ತಲೆ ಬಂದು ಬಿದ್ದಿದ್ದಾಳೆ. ಊರಲ್ಲಿ ಗ್ಯಾಸ್ ಅಂತ ಒಂದು ಸೂಜಿ ಮಾಡಿ ಕಳಿಸಿದ್ದರು. ಬಸುರಿ ಇರಬಹುದಾ ಅಂತ ಕೇಳಿದೆ. ಅತ್ತೆ ನಕ್ಕುಬಿಟ್ಟರು, "ಆಪರೇಷನ್ ಆಗೈತ್ರೀ ಸಿಸ್ಟರ್, ಹೆಂಗ ಬಸುರಾಗತಾಳ?" ಬಿಪಿ 100/60. ಹಿಮೋಗ್ಲೋಬಿನ್ 10.4 ಬಂತು. ನಮ್ಮ ಕಡೆ ಹೆಂಗಸರಿಗೆ ಅದು ಚೆನ್ನಾಗಿಯೇ ಇರುವ ಲೆಕ್ಕ, ನಾನೂ ಒಂದು ಕ್ಷಣ ನಿರಾಳ ಆದೆ. ಅದು ನನ್ನ ತಪ್ಪು. ಅವಳನ್ನು ಮಲಗಿಸಲು ಹೋದರೆ ಮಲಗಲೊಲ್ಲಳು, "ಭುಜ ಕಡಿತೈತ್ರಿ" ಅಂತ ಎದ್ದು ಕೂರುತ್ತಾಳೆ. ಹೊಟ್ಟೆ ನೋವಿಗೆ ಬಂದವಳು ಭುಜ ಯಾಕೆ ಹಿಡಿದುಕೊಂಡಿದ್ದಾಳೆ? ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಜೋಳದ ಹಿಟ್ಟಿನ ಬಣ್ಣ. ನಾಡಿ 124. ಅಷ್ಟರಲ್ಲಿ ಡಾಕ್ಟರ್ ಬಂದು ಮೂತ್ರದ ಕಾರ್ಡ್ ಟೆಸ್ಟ್ ಮಾಡಿಸಿದರು. ಎರಡು ಗೆರೆ. ಹೊಟ್ಟೆ ತೆರೆದಾಗ ಒಳಗೆ ಸುಮಾರು ಎರಡು ಲೀಟರ್ ರಕ್ತ. ಅಂಡಾಶಯದಿಂದ ಗರ್ಭಚೀಲಕ್ಕೆ ಹೋಗುವ ಟ್ಯೂಬಿನಲ್ಲಿ ನಿಂತ ಬಸುರು ಒಡೆದಿತ್ತು.

ಬದುಕಿದಳು. ಆದರೆ ಅರ್ಧ ಗಂಟೆ ತಡ ಆಗಿದ್ದರೆ ಕಷ್ಟವಿತ್ತು.

ಎಷ್ಟನೇ ತಿಂಗಳು ಅನ್ನುವುದರ ಮೇಲೆ ಕಾರಣ ಬದಲಾಗುತ್ತದೆ

ಮೊದಲ ಮೂರು ತಿಂಗಳಲ್ಲಿ ಹೊಟ್ಟೆಯೊಳಗೆ ರಕ್ತ ಸೋರಿದರೆ ಮೊದಲ ಅನುಮಾನ ಟ್ಯೂಬಿನ ಬಸುರಿನ ಮೇಲೆ. ಗರ್ಭಚೀಲದಲ್ಲಿ ಕೂರಬೇಕಾದ ಪಿಂಡ ದಾರಿಯಲ್ಲೇ, ಅಂದರೆ ಟ್ಯೂಬಿನಲ್ಲೇ ಬೇರು ಬಿಡುತ್ತದೆ. ನೂರು ಬಸುರಿನಲ್ಲಿ ಒಂದೆರಡು ಹೀಗಾಗುತ್ತವೆ. ಟ್ಯೂಬು ಪೆನ್ನಿನ ರೀಫಿಲ್‌ಗಿಂತ ಸ್ವಲ್ಪ ದಪ್ಪ ಇರಬಹುದು ಅಷ್ಟೇ, ಎಷ್ಟು ದಿನ ತಡೆದೀತು? ಸಾಮಾನ್ಯವಾಗಿ 6ರಿಂದ 8 ವಾರದ ಹೊತ್ತಿಗೆ ನೋವು ಶುರುವಾಗುತ್ತದೆ. ಎಷ್ಟೋ ಸಲ ಆಗ ಅವಳಿಗೆ ತಾನು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಸ್ವಲ್ಪ ಕಂದು ಬಣ್ಣದ ಸ್ರಾವ ಕಂಡರೆ, ಮುಟ್ಟು ತಡವಾಗಿ ಬಂತು ಅಂದುಕೊಳ್ಳುತ್ತಾಳೆ.

ಯಾರಿಗೆ ಜಾಸ್ತಿ? ಹಿಂದೆ ಒಮ್ಮೆ ಹೀಗೆ ಆದವರಿಗೆ, ಕಿಬ್ಬೊಟ್ಟೆ ಸೋಂಕು ಆದವರಿಗೆ, ಮಕ್ಕಳಾಗಲಿ ಅಂತ ಐವಿಎಫ್ ಮಾಡಿಸಿಕೊಂಡವರಿಗೆ. ಮುಂದೆ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡವರ ಮತ್ತು ಕಾಪರ್-ಟಿ ಹಾಕಿಸಿಕೊಂಡವರ ಕಥೆ ಸ್ವಲ್ಪ ಬೇರೆ. ಇವರಲ್ಲಿ ಬಸುರು ನಿಲ್ಲುವುದೇ ಅಪರೂಪ. ಆದರೆ ನಿಂತರೆ ಅದು ಟ್ಯೂಬಿನಲ್ಲಿ ನಿಲ್ಲುವ ಸಾಧ್ಯತೆ ಬೇರೆಯವರಿಗಿಂತ ಬಹಳ ಜಾಸ್ತಿ. ಅದಕ್ಕೇ ನಾನು ಹೇಳುವುದು, ಆಪರೇಷನ್ ಆಗಿದೆ ಅನ್ನುವ ಮಾತಿಗೆ ಮರುಳಾಗಬೇಡಿ. ಹದಿನೈದರಿಂದ ಐವತ್ತರ ಒಳಗಿನ ಯಾವ ಹೆಂಗಸಾದರೂ ಹೊಟ್ಟೆ ನೋವಿನ ಜೊತೆ ತಲೆ ಸುತ್ತಿ ಬಿದ್ದಳು ಅಂದರೆ ಮೂತ್ರದ ಕಾರ್ಡ್ ಟೆಸ್ಟ್ ಆಗಲೇಬೇಕು. ಮದುವೆ ಆಗಿದೆಯೋ ಇಲ್ಲವೋ ಅನ್ನುವ ಪ್ರಶ್ನೆ ಅಲ್ಲಿ ಬೇಡ.

ಇನ್ನೊಂದು, ಇತ್ತೀಚೆಗೆ ಜಾಸ್ತಿ ನೋಡುತ್ತಿರುವುದು. ಬೇಡದ ಬಸುರು ತೆಗೆಸಲು ಗಂಡನೇ ಮೆಡಿಕಲ್ ಶಾಪಿನಿಂದ ಗುಟ್ಟಾಗಿ ಮಾತ್ರೆ ತಂದು ಕೊಡುತ್ತಾನೆ. ಸ್ಕ್ಯಾನ್ ಇಲ್ಲ, ಚೀಟಿ ಇಲ್ಲ. ಆ ಮಾತ್ರೆ ಗರ್ಭಚೀಲದಲ್ಲಿರುವ ಬಸುರಿಗೆ ಕೆಲಸ ಮಾಡುತ್ತದೆ, ಟ್ಯೂಬಿನಲ್ಲಿರುವುದಕ್ಕೆ ಮಾಡುವುದಿಲ್ಲ. ಆದರೆ ಎರಡರಲ್ಲೂ ಸ್ವಲ್ಪ ರಕ್ತ ಹೋಗುತ್ತದೆ, ನೋವೂ ಬರುತ್ತದೆ. ಹಾಗಾಗಿ ಒಳಗೆ ಟ್ಯೂಬ್ ಒಡೆಯುತ್ತಿದ್ದರೂ ಮಾತ್ರೆ ಕೆಲಸ ಮಾಡ್ತಿದೆ ಅಂತ ಹಲ್ಲು ಕಚ್ಚಿ ಮಲಗಿರುತ್ತಾಳೆ. ಮಾತ್ರೆ ತಗೊಂಡಿದ್ದರೆ ಆಸ್ಪತ್ರೆಯಲ್ಲಿ ಅದನ್ನು ಮುಚ್ಚಿಡಬೇಡಿ. ಬೈದರೆ ಬೈಸಿಕೊಳ್ಳಿ, ಹೇಳಿಬಿಡಿ.

ಐದು ತಿಂಗಳು ದಾಟಿದ ಮೇಲೆ ಮಾಸು, ಅದೇ ನಾವು ಕಸ ಅನ್ನುತ್ತೇವಲ್ಲ, ಅದು ಹೆರಿಗೆಗೆ ಮೊದಲೇ ಗರ್ಭಚೀಲದ ಗೋಡೆಯಿಂದ ಬಿಟ್ಟುಕೊಳ್ಳುವುದು ದೊಡ್ಡ ಕಾರಣ. ರಕ್ತ ಮಾಸಿನ ಹಿಂದೆಯೇ ಸಿಕ್ಕಿಹಾಕಿಕೊಂಡರೆ ಹೊರಗೆ ಏನೂ ಬರುವುದಿಲ್ಲ, ಬಂದರೂ ಕೈಯಗಲದ ಕಲೆ. ಇಂಥವಳ ಹೊಟ್ಟೆ ಮುಟ್ಟಿದರೆ ಗೊತ್ತಾಗುತ್ತದೆ. ಹೆರಿಗೆ ಬ್ಯಾನಿ ಬಂದಾಗ ಹೊಟ್ಟೆ ಗಟ್ಟಿಯಾಗುತ್ತದೆ, ಮತ್ತೆ ಮೆತ್ತಗಾಗುತ್ತದೆ. ಇದರಲ್ಲಿ ಮೆತ್ತಗಾಗುವುದೇ ಇಲ್ಲ, ಹಲಗೆ ಮುಟ್ಟಿದ ಹಾಗೆ ಇರುತ್ತದೆ, ಕೈ ಇಟ್ಟರೆ ಚೀರುತ್ತಾಳೆ. ಕೂಸು ಆಡುವುದು ಕಡಿಮೆ ಆಗುತ್ತದೆ ಅಥವಾ ನಿಂತೇ ಹೋಗುತ್ತದೆ. ಬಿಪಿ ಜಾಸ್ತಿ ಇರುವವರಿಗೆ, ಹಿಂದಿನ ಬಸುರಿನಲ್ಲಿ ಹೀಗೇ ಆದವರಿಗೆ, ತಂಬಾಕು ತಿನ್ನುವವರಿಗೆ, ಹೊಟ್ಟೆಗೆ ಪೆಟ್ಟು ಬಿದ್ದವರಿಗೆ ಇದರ ಭಯ ಜಾಸ್ತಿ.

ಪೆಟ್ಟು ಅಂದೆ. ಬೈಕಿನಿಂದ ಬಿದ್ದದ್ದು, ಹೊಲದ ಬದುವಿನಲ್ಲಿ ಜಾರಿದ್ದು, ಎಮ್ಮೆ ಹಾಯ್ದದ್ದು ಎಲ್ಲ ಬರುತ್ತದೆ. ಕೆಲವರು ಬಿದ್ದೆ ಅಂತ ಹೇಳುತ್ತಾರೆ, ಬಿದ್ದಿರುವುದಿಲ್ಲ. ಜೊತೆಗೆ ಬಂದವರನ್ನು ಹೊರಗೆ ಕಳಿಸಿ ಒಬ್ಬಳನ್ನೇ ಕೇಳಿದರೆ ಬಾಯಿ ಬಿಡುತ್ತಾಳೆ. ಅಂಥವರಿಗೆ 181 ಮಹಿಳಾ ಸಹಾಯವಾಣಿ ಇದೆ ಅಂತ ಕಿವಿಯಲ್ಲಿ ಹೇಳಿಡುತ್ತೇನೆ. ಪೆಟ್ಟು ಹೇಗೇ ಬಿದ್ದಿರಲಿ, ಐದು ತಿಂಗಳು ದಾಟಿದ್ದರೆ ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಿ ಕನಿಷ್ಠ ನಾಲ್ಕು ತಾಸು ಕೂಸಿನ ಎದೆಬಡಿತದ ಮಷಿನ್ ಹಚ್ಚಿ ನೋಡಿಸಬೇಕು. ಮಾಸು ಬಿಟ್ಟುಕೊಳ್ಳುವುದು ಕೆಲವೊಮ್ಮೆ ಬಿದ್ದ ಎಷ್ಟೋ ಹೊತ್ತಿನ ಮೇಲೆ ಗೊತ್ತಾಗುತ್ತದೆ.

ಹಿಂದೆ ಸಿಜೇರಿಯನ್ ಆದವರಿಗೆ ಹಳೇ ಹೊಲಿಗೆ ಬಿಚ್ಚುವ ಭಯ. ಒಂದು ಸಿಜೇರಿಯನ್ ಆಗಿ, ಎರಡನೆಯದನ್ನು ಸಹಜವಾಗಿ ಹೆರಲು ನೋಡುವ ಸಾವಿರ ಜನರಲ್ಲಿ ಐದರಿಂದ ಒಂಬತ್ತು ಮಂದಿಗೆ ಹೀಗಾಗಬಹುದು. ಕಡಿಮೆಯೇ, ಆದರೆ ಆದಾಗ ನಿಮಿಷಗಳ ಲೆಕ್ಕ. ಜೋರಾಗಿ ಬರುತ್ತಿದ್ದ ಬ್ಯಾನಿ ಒಮ್ಮೆಲೇ ನಿಂತು, ಬೇರೆ ತರದ ಕಡೆತ ಶುರುವಾಗಿ, ಅವಳು ಬಿಳಚಿಕೊಂಡರೆ "ಬ್ಯಾನಿ ತಣ್ಣಗಾತು, ಮಲಗಲಿ ಬಿಡು" ಅನ್ನಬೇಡಿ. ಸಿಜೇರಿಯನ್ ಆದವಳಿಗೆ ಬ್ಯಾನಿ ಬರುವ ಸೂಜಿಯನ್ನು ಮನೆಯಲ್ಲೋ ಆಪರೇಷನ್ ಥಿಯೇಟರ್ ಇಲ್ಲದ ಕಡೆಯೋ ಮಾಡಿಸುವುದಂತೂ ಬೇಡವೇ ಬೇಡ.

ಅಪರೂಪಕ್ಕೆ ಅಂಡಾಶಯದ ಗುಳ್ಳೆ ಒಡೆಯುವುದು, ಗುಲ್ಮದ ರಕ್ತನಾಳ ಒಡೆಯುವುದು, ಬಿಪಿ ವಿಪರೀತ ಏರಿ ಲಿವರ್ ಮೇಲೆ ರಕ್ತ ಕಟ್ಟುವುದು ಇದೆ. ಕೊನೆಯದರಲ್ಲಿ ನೋವು ಬಲ ಪಕ್ಕೆಯ ಕೆಳಗೆ ಇರುತ್ತದೆ, ಜನ ಪಿತ್ತ ಅಂದುಕೊಳ್ಳುತ್ತಾರೆ. ಹೆಸರು ನೆನಪಿಡಬೇಕಾಗಿಲ್ಲ, ಮುಂದಿನದ್ದನ್ನು ನೆನಪಿಡಿ.

ಮನೆಯಲ್ಲೇ ಐದು ನಿಮಿಷದಲ್ಲಿ ನೋಡುವುದು

ಮೊದಲು ನಾಡಿ. ಹೆಬ್ಬೆರಳಿನ ಬುಡದ ಹತ್ತಿರ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಮೊಬೈಲ್ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿ. ಬಸುರಿಗೆ ನಾಡಿ ಮೊದಲಿಗಿಂತ ಹತ್ತಿಪ್ಪತ್ತು ಜಾಸ್ತಿ ಇರುವುದು ಸಹಜ. ಸುಮ್ನೆ ಮಲಗಿದ್ದಾಗಲೂ 100ರ ಮೇಲೇ ಇದ್ದರೆ ಅನುಮಾನ ಪಡಿ, 110 ದಾಟಿದರೆ ಅನುಮಾನ ಪಡುತ್ತಾ ಕೂರಬೇಡಿ, ಗಾಡಿ ಕರೆಸಿ.

ಮನೆಯಲ್ಲಿ ಬಿಪಿ ಮಷಿನ್ ಇದ್ದರೆ, ಈಗ ಬಹಳ ಮನೆಗಳಲ್ಲಿ ಮಾವನ ಸಲುವಾಗಿ ಇದ್ದೇ ಇರುತ್ತದೆ, ಒಂದು ಸಣ್ಣ ಭಾಗಾಕಾರ ಮಾಡಿ. ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ. ನಾಡಿ 84, ಬಿಪಿ 110 ಇದ್ದರೆ 0.76, ಸರಿ ಇದೆ. ನಾಡಿ 110, ಬಿಪಿ 100 ಇದ್ದರೆ 1.1. ಬಸುರಿಗೆ 0.7ರಿಂದ 0.9ರ ಒಳಗೆ ಇರಬೇಕು. ಅದನ್ನು ದಾಟಿದರೆ ಹುಷಾರು, 1 ದಾಟಿತು ಅಂದರೆ ಒಳಗೆ ಏನೋ ಸೋರುತ್ತಿದೆ ಅಂತಲೇ ತಿಳಿದು ಹೊರಡಿ. ವಾರ್ಡಿನಲ್ಲಿ ನಾವು ಮಾಡುವುದೂ ಇದೇ ಲೆಕ್ಕ.

ಆಮೇಲೆ ಬಣ್ಣ. ಕೆಳರೆಪ್ಪೆ, ನಾಲಿಗೆ, ಅಂಗೈ. ಬೆರಳಿನ ಉಗುರನ್ನು ಐದು ಸೆಕೆಂಡ್ ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಕೈಕಾಲು ತಣ್ಣಗೆ, ಹಣೆ ಮೇಲೆ ತಣ್ಣನೆ ಬೆವರು, ಮತ್ತೆ ಮತ್ತೆ ನೀರು ಕೇಳುವುದು, ಸಂಬಂಧ ಇಲ್ಲದ ಮಾತು, ಇವೆಲ್ಲ ಕೆಟ್ಟ ಸೂಚನೆ. ಭುಜದ ತುದಿಯ ನೋವನ್ನು ಕೇಳಿ ತಿಳಿದುಕೊಳ್ಳಿ, ಅವರಾಗಿ ಹೇಳುವುದಿಲ್ಲ. ಹೊಟ್ಟೆಯಲ್ಲಿ ನಿಂತ ರಕ್ತ ಮೇಲೇರಿ ಎದೆ-ಹೊಟ್ಟೆ ನಡುವಿನ ಪರದೆಗೆ ತಾಗಿದರೆ ನೋವು ಭುಜದಲ್ಲಿ ಕಾಣುತ್ತದೆ, ಎರಡಕ್ಕೂ ನರದ ಮೂಲ ಕುತ್ತಿಗೆಯಲ್ಲಿ ಒಂದೇ. ಹಾಗೆಯೇ ರಕ್ತ ಕೆಳಗೆ ಗುದದ ಮುಂದೆ ನಿಂತರೆ ಸಂಡಾಸಕ್ಕೆ ಬಂದ ಹಾಗೆ ಆಗುತ್ತದೆ, ಹೋದರೆ ಏನೂ ಆಗುವುದಿಲ್ಲ. ಸಂಡಾಸದಲ್ಲಿ ಬಿದ್ದಳು ಅನ್ನುವ ಕಥೆ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ.

ಹೊಟ್ಟೆಯನ್ನು ಒಮ್ಮೆ ಮೆಲ್ಲಗೆ ಮುಟ್ಟಿ ನೋಡಿ ಸಾಕು. ಮನೆಯಲ್ಲಿರುವ ಎಲ್ಲರೂ ಸರದಿಯಲ್ಲಿ ಒತ್ತಿ ನೋಡಬೇಡಿ.

ಗಾಡಿ ಬರುವವರೆಗೆ

108ಕ್ಕೆ ಫೋನ್ ಮಾಡಿದಾಗ "ಹೊಟ್ಟಿ ನೋವು" ಅಂತಷ್ಟೇ ಹೇಳಿದರೆ ಆ ಕಡೆಯವರಿಗೆ ತೀವ್ರತೆ ಗೊತ್ತಾಗುವುದಿಲ್ಲ. ಹೀಗೆ ಹೇಳಿ: "ಎರಡು ತಿಂಗಳ ಬಸುರಿ, ಹೊಟ್ಟೆ ನೋವು, ತಲೆ ಸುತ್ತಿ ಬಿದ್ದಿದ್ದಾಳೆ, ನಾಡಿ 120, ಒಳಗೆ ರಕ್ತ ಸೋರುತ್ತಿರಬಹುದು." ಆಶಾ ಅಕ್ಕನಿಗೂ ಒಂದು ಫೋನ್ ಮಾಡಿ. 108 ತಡ ಆಗುತ್ತದೆ ಅಂದರೆ ಊರಲ್ಲಿ ಯಾರ ಕಾರು ಇದೆಯೋ ಅವರ ಬಾಗಿಲು ಬಡಿಯಿರಿ. ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಹೋಗುವುದು ಬೇಡ, ತಲೆ ಎತ್ತಿ ಕೂತಷ್ಟೂ ಮೆದುಳಿಗೆ ರಕ್ತ ಕಡಿಮೆ.

ಮಲಗಿಸಿ, ಕಾಲಿನ ಕೆಳಗೆ ದಿಂಬು ಇಡಿ. ಐದು ತಿಂಗಳು ದಾಟಿದ್ದರೆ ಎಡ ಮಗ್ಗುಲಿಗೆ ಮಲಗಿಸಿ. ಅಂಗಾತ ಮಲಗಿದರೆ ಗರ್ಭಚೀಲದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಬಿಪಿ ಇನ್ನೂ ಇಳಿಯುತ್ತದೆ. ಕಂಬಳಿ ಹೊದಿಸಿ. ಬಾಯಿಗೆ ಏನೂ ಹಾಕಬೇಡಿ, ಚಹಾ ಬೇಡ, ಗ್ಲೂಕೋಸ್ ಪುಡಿ ಬೇಡ, ಎಳನೀರೂ ಬೇಡ. ಬೇಡಿದರೆ ತುಟಿ ಒದ್ದೆ ಮಾಡಿ ಅಷ್ಟೇ, ತಾಸಿನೊಳಗೆ ಆಪರೇಷನ್ ಟೇಬಲ್ ಮೇಲೆ ಇರಬೇಕಾಗಬಹುದು. ಹೊಟ್ಟೆ ತಿಕ್ಕುವುದು, ಔಡಲೆಣ್ಣೆ, ಎನಿಮಾ, ಬಿಸಿನೀರಿನ ಚೀಲ ಯಾವುದೂ ಬೇಡ. ನೋವಿನ ಸೂಜಿ ಮಾಡಿಸಿ ಒಂದು ರಾತ್ರಿ ನೋಡೋಣ ಅನ್ನುವುದು ಎಲ್ಲಕ್ಕಿಂತ ಅಪಾಯ, ನೋವು ಅಡಗುತ್ತದೆ, ಸೋರುವುದು ನಿಲ್ಲುವುದಿಲ್ಲ.

ತಾಯಿ ಕಾರ್ಡ್ ತಗೊಳ್ಳಿ. ಹಳೇ ಸ್ಕ್ಯಾನ್, ಸಿಜೇರಿಯನ್ ಚೀಟಿ ಇದ್ದರೆ ಅವೂ ಇರಲಿ. ಜೊತೆಗೆ ಅಳುವ ಆರು ಜನರ ಬದಲು ರಕ್ತ ಕೊಡುವಂಥ ಗಟ್ಟಿ ಇಬ್ಬರು ಬರಲಿ.

ಎಲ್ಲಿಗೆ ಹೋಗುವುದು? ಹತ್ತಿರದ ಆಸ್ಪತ್ರೆ ಅಂತ ಹೋಗಿ ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಕಳಿಸಿಕೊಂಡು ಸಾಯುವವರೇ ಜಾಸ್ತಿ. ಕೇಳಬೇಕಾದದ್ದು ಎರಡೇ ಪ್ರಶ್ನೆ: ಈಗಲೇ ಹೊಟ್ಟೆ ಆಪರೇಷನ್ ಮಾಡುವ ಡಾಕ್ಟರ್ ಮತ್ತು ಅರಿವಳಿಕೆ ಡಾಕ್ಟರ್ ಇದ್ದಾರಾ, ರಕ್ತ ಸಿಗುತ್ತದಾ? ಹುಬ್ಬಳ್ಳಿಯಲ್ಲಿ ಎಲ್ಲರೂ ಕಿಮ್ಸ್ ಅನ್ನುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ಧಾರವಾಡದ ಸತ್ತೂರಿನ ಎಸ್‌ಡಿಎಂ, ಗದಗದ ಜಿಮ್ಸ್, ಹಾವೇರಿಯ ಜಿಲ್ಲಾ ಆಸ್ಪತ್ರೆ ಇಂಥ ದೊಡ್ಡ ಜಾಗಗಳು. ಆದರೂ ದಾರಿಯಲ್ಲೇ ಫೋನ್ ಮಾಡಿಸಿ ಹೋಗಿ. ಶಿರಹಟ್ಟಿಯಿಂದಲೋ ಹಾನಗಲ್ಲಿನಿಂದಲೋ ಹೊರಟವರಿಗೆ ದಾರಿಯೇ ದೊಡ್ಡದು. ದಾರಿ ಮೇಲಿನ ತಾಲೂಕು ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿಸಿಕೊಂಡು, ಮುಂದಿನವರಿಗೆ ಫೋನ್ ಮಾಡಿಸಿ ಹತ್ತು ನಿಮಿಷದಲ್ಲಿ ಹೊರಡುವುದಾದರೆ ಅದು ಒಳ್ಳೆಯದೇ. ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಗೆ ಗಾಡಿ, ಔಷಧಿ, ರಕ್ತ, ಆಪರೇಷನ್ ಎಲ್ಲ ಉಚಿತ, 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇರುವುದೇ ಅದಕ್ಕೆ. ದುಡ್ಡು ಹೊಂದಿಸಿಕೊಂಡು ಬೆಳಿಗ್ಗೆ ಹೋಗೋಣ ಅನ್ನಬೇಡಿ.

ಆಸ್ಪತ್ರೆಯಲ್ಲಿ ಮೂರು ಸುಳ್ಳು ಸಮಾಧಾನ

ಹಿಮೋಗ್ಲೋಬಿನ್ ಚೆನ್ನಾಗಿದೆ ಅನ್ನುವುದು ಮೊದಲನೆಯದು, ನಾನೇ ಮೋಸ ಹೋದದ್ದು. ಕೊಡದಲ್ಲಿನ ಮಜ್ಜಿಗೆ ಅರ್ಧ ಚೆಲ್ಲಿದರೂ ಉಳಿದ ಮಜ್ಜಿಗೆ ಅಷ್ಟೇ ದಪ್ಪ ಇರುತ್ತದೆ ಅಲ್ವಾ? ನೀರು ಬೆರೆಸಿದ ಮೇಲೇ ತೆಳುವಾಗುವುದು. ರಕ್ತವೂ ಹಾಗೇ. ಸಲೈನ್ ಹೋಗಿ ಕೆಲವು ತಾಸು ಆದ ಮೇಲೆ ಹಿಮೋಗ್ಲೋಬಿನ್ ಇಳಿಯುತ್ತದೆ, ಅಲ್ಲಿಯವರೆಗೆ ಆ ಅಂಕಿ ಸುಳ್ಳು ಹೇಳುತ್ತದೆ.

ಎರಡನೆಯದು ಬಿಪಿ. ಬಸುರಿಯ ಮೈಯಲ್ಲಿ ರಕ್ತ ಮೊದಲಿಗಿಂತ 40ರಿಂದ 50 ಶೇಕಡಾ ಜಾಸ್ತಿ ಇರುತ್ತದೆ. ದಿನ ತುಂಬಿದವಳು ಒಂದು, ಒಂದೂವರೆ ಲೀಟರ್ ಕಳೆದುಕೊಂಡರೂ ಬಿಪಿ ಹಿಡಿದುಕೊಂಡಿರುತ್ತಾಳೆ, ಆಮೇಲೆ ಒಮ್ಮೆಲೇ ಕುಸಿಯುತ್ತಾಳೆ. ತಾಯಿ ಕಾರ್ಡಿನಲ್ಲಿ ಹಿಂದಿನ ಬಿಪಿ ನೋಡಿ ಅಂತ ನಾನು ಹೊಸ ನರ್ಸುಗಳಿಗೆ ಬಡಕೊಳ್ಳುವುದು ಇದಕ್ಕೇ. ಹೋದ ವಾರ 160 ಇದ್ದವಳಿಗೆ ಇವತ್ತು 120 ಅಂದರೆ ಅದು ನಾರ್ಮಲ್ ಅಲ್ಲ, ಬಿದ್ದಿರುವ ಬಿಪಿ.

ಮೂರನೆಯದು ಸ್ಕ್ಯಾನ್. ಟ್ಯೂಬ್ ಒಡೆದು ಹೊಟ್ಟೆಯಲ್ಲಿ ರಕ್ತ ನಿಂತಿದ್ದರೆ ಸ್ಕ್ಯಾನಿನಲ್ಲಿ ಚೆನ್ನಾಗಿ ಕಾಣುತ್ತದೆ, ಎರಡು ನಿಮಿಷದ ಕೆಲಸ. ಲಿವರ್ ಪಕ್ಕದಲ್ಲೂ ರಕ್ತ ಕಂಡರೆ ಮತ್ತೆ ಯೋಚಿಸುವುದೇ ಇಲ್ಲ, ಥಿಯೇಟರಿಗೆ. ಆದರೆ ಮಾಸು ಬಿಟ್ಟುಕೊಂಡಿದ್ದು ಅರ್ಧಕ್ಕಿಂತ ಜಾಸ್ತಿ ಸಲ ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ, ಹೊಸ ರಕ್ತದ ಗಡ್ಡೆ ಮಾಸಿನ ಹಾಗೇ ಕಾಣುತ್ತದೆ. ಹೊಟ್ಟೆ ಹಲಗೆ ಆಗಿದ್ದರೆ ನಾರ್ಮಲ್ ಸ್ಕ್ಯಾನ್ ಹಿಡಿದು ಮನೆಗೆ ಹೊರಡಬೇಡಿ. ಇಂಥವರ ಹೊಟ್ಟೆಯ ಮೇಲೆ ಗರ್ಭಚೀಲದ ಮೇಲಂಚು ಎಲ್ಲಿದೆಯೋ ಅಲ್ಲಿ ಬಾಲ್‌ಪೆನ್ನಿನಲ್ಲಿ ಒಂದು ಗೆರೆ ಎಳೆದು ಟೈಮ್ ಬರೆಯುತ್ತೇವೆ. ತಾಸಿನ ಮೇಲೆ ನೋಡಿದಾಗ ಅಂಚು ಗೆರೆ ದಾಟಿ ಎರಡು ಬೆರಳು ಮೇಲೆ ಹೋಗಿದ್ದರೆ ಒಳಗೆ ರಕ್ತ ತುಂಬುತ್ತಿದೆ. ಐದು ರೂಪಾಯಿ ಪೆನ್ನು, ಮಷಿನಿಗೆ ಕಾಣದ್ದನ್ನು ತೋರಿಸುತ್ತದೆ.

ರಕ್ತ ಹೆಪ್ಪುಗಟ್ಟುತ್ತಿದೆಯಾ ಅಂತಲೂ ನೋಡುತ್ತಾರೆ. ಲ್ಯಾಬ್ ಇಲ್ಲದ ಕಡೆ ಒಣ ಗಾಜಿನ ನಳಿಕೆಗೆ 2 ಮಿಲಿ ರಕ್ತ ಹಾಕಿ ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದುಕೊಳ್ಳುತ್ತೇವೆ. ಏಳು ನಿಮಿಷಕ್ಕೂ ಗಟ್ಟಿಯಾಗದಿದ್ದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಂಡಿದೆ. ಆಗ ಬರೀ ರಕ್ತದ ಚೀಲ ಸಾಲದು, ಹೆಪ್ಪುಗಟ್ಟಿಸುವ ಅಂಶ ಇರುವ ಪ್ಲಾಸ್ಮಾನೂ ಬೇಕು.

ಚಿಕಿತ್ಸೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಡಾಕ್ಟರ್ ಕೆಲಸ. ಎರಡೂ ಕೈಗೆ ದಪ್ಪ ಸೂಜಿ, ಆಮ್ಲಜನಕ, ಮೂತ್ರಕ್ಕೆ ನಳಿಕೆ, ಕನಿಷ್ಠ ನಾಲ್ಕು ಚೀಲ ರಕ್ತಕ್ಕೆ ಬರೆದುಕೊಡುವುದು ಒಟ್ಟಿಗೇ ನಡೆಯುತ್ತದೆ. ಒಡೆದ ಟ್ಯೂಬನ್ನು ಸಾಮಾನ್ಯವಾಗಿ ತೆಗೆದುಬಿಡುತ್ತಾರೆ. "ಟ್ಯೂಬ್ ತೆಗದ್ರ ಮುಂದ ಮಕ್ಕಳಾಗೂದಿಲ್ಲ" ಅಂತ ಸಹಿ ಹಾಕಲು ಅರ್ಧ ತಾಸು ಚರ್ಚೆ ಮಾಡುವವರನ್ನು ನೋಡಿದ್ದೇನೆ. ಇನ್ನೊಂದು ಟ್ಯೂಬ್ ಇರುತ್ತದೆ, ಮಕ್ಕಳಾಗುತ್ತವೆ, ಸಹಿ ಹಾಕಿ. ಒಡೆಯುವ ಮೊದಲೇ ಗೊತ್ತಾದರೆ ಎಷ್ಟೋ ಸಲ ಆ ಬಸುರು ಬೆಳೆಯುವುದನ್ನು ನಿಲ್ಲಿಸುವ ಮೆಥೊಟ್ರೆಕ್ಸೇಟ್ ಸೂಜಿಯಲ್ಲೇ ಮುಗಿಯುತ್ತದೆ. ಆದರೆ ಆ ಸೂಜಿ ಆದ ಮೇಲೆ 4ನೇ ಮತ್ತು 7ನೇ ದಿನ ರಕ್ತ ಪರೀಕ್ಷೆಗೆ ತಪ್ಪದೆ ಬರಬೇಕು, ಫೋಲಿಕ್ ಆಸಿಡ್ ಮಾತ್ರೆ ನಿಲ್ಲಿಸಬೇಕು, ಮೂರು ತಿಂಗಳು ಬಸುರಾಗಬಾರದು. ಮಾಸು ಬಿಟ್ಟಿದ್ದರೆ ತಾಯಿ, ಕೂಸು ಹೇಗಿದ್ದಾರೆ ಅನ್ನುವುದರ ಮೇಲೆ ಹೆರಿಗೆಯೋ ಸಿಜೇರಿಯನ್ನೋ ತೀರ್ಮಾನ. ಗರ್ಭಚೀಲ ಹರಿದಿದ್ದರೆ ಹೊಲಿಯುತ್ತಾರೆ, ಆಗದಿದ್ದರೆ ತೆಗೆಯುತ್ತಾರೆ.

ಗದ್ದಲದಲ್ಲಿ ಮರೆತುಹೋಗುವುದು ಒಂದಿದೆ. ಅವಳ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ 72 ತಾಸಿನೊಳಗೆ ಆಂಟಿ-ಡಿ ಸೂಜಿ ಆಗಬೇಕು. ಆಗದಿದ್ದರೆ ಮುಂದಿನ ಕೂಸಿಗೆ ತೊಂದರೆ. ಡಿಸ್ಚಾರ್ಜ್ ಹೊತ್ತಿಗೆ ನೀವೇ ಬಾಯಿ ಬಿಟ್ಟು ಕೇಳಿ.

ಮುಂದಿನ ಸಲ

ಒಮ್ಮೆ ಟ್ಯೂಬಿನಲ್ಲಿ ಬಸುರು ನಿಂತವಳಿಗೆ ಮತ್ತೆ ಹಾಗಾಗುವ ಸಾಧ್ಯತೆ ನೂರಕ್ಕೆ ಸುಮಾರು ಹತ್ತು. ಹಾಗಾಗಿ ಮುಂದಿನ ಸಲ ಮುಟ್ಟು ತಪ್ಪಿದ ವಾರವೇ ಕಾರ್ಡ್ ಟೆಸ್ಟ್, 6ರಿಂದ 7 ವಾರಕ್ಕೆ ಒಳಗಿನಿಂದ ಮಾಡುವ ಸ್ಕ್ಯಾನ್. ಬಸುರು ಗರ್ಭಚೀಲದ ಒಳಗಿದೆಯಾ ಅನ್ನುವುದೊಂದೇ ಆ ಸ್ಕ್ಯಾನಿನ ಪ್ರಶ್ನೆ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಅಂತ ಆಶಾ ಅಕ್ಕನಿಗೂ ಮುಚ್ಚಿಡುವ ರೂಢಿ ನಮ್ಮಲ್ಲಿದೆ. ಟ್ಯೂಬ್ ಒಡೆಯುವುದು ಆ ಮೂರು ತಿಂಗಳೊಳಗೇ. ಊರಿಗೆ ಹೇಳದಿದ್ದರೂ ಆಶಾ ಅಕ್ಕನಿಗೆ ಹೇಳಿ, ತಾಯಿ ಕಾರ್ಡ್ ಮಾಡಿಸಿ. ನಾಲ್ಕನೇ ತಿಂಗಳಿನಿಂದ ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಡಾಕ್ಟರ್ ನೋಡುವ ಉಚಿತ ತಪಾಸಣೆ ಇರುತ್ತದೆ, ಬಿಪಿ, ಹಿಮೋಗ್ಲೋಬಿನ್ ಅಲ್ಲಿ ನೋಡಿಸಿಕೊಳ್ಳಿ.

ತವರಿಗೆ ಕಳಿಸುವಾಗ, ಕುಬುಸ ಮುಗಿಸಿ ಬುತ್ತಿ ಕಟ್ಟುವಾಗಲೇ ಒಂದು ಚೀಟಿ ಬರೆದು ಅವಳ ಬ್ಯಾಗಿನಲ್ಲಿ ಇಡಿ, ಇನ್ನೊಂದನ್ನು ತವರಿನ ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿ. ಅದರಲ್ಲಿ ಅವಳ ರಕ್ತದ ಗುಂಪು, ಹಿಂದಿನ ಸಿಜೇರಿಯನ್ ಯಾವ ವರ್ಷ, ಆಶಾ ಅಕ್ಕನ ನಂಬರ್, ಊರಲ್ಲಿ ರಾತ್ರಿ ಕರೆದರೆ ಏಳುವ ಕಾರಿನವನ ನಂಬರ್, ಅದೇ ಗುಂಪಿನ ರಕ್ತ ಇರುವ ಇಬ್ಬರ ಹೆಸರು ಇರಲಿ. ಅಕ್ಷರ ದೊಡ್ಡದಾಗಿರಲಿ, ರಾತ್ರಿ ಎರಡು ಗಂಟೆಗೆ ಅವ್ವ ಕನ್ನಡಕ ಹುಡುಕುತ್ತಾ ಕೂರಬಾರದು.